ಗಾಡಿ ಓಡಿಸೋಕೆ ಬರುತ್ತೆ, ಪ್ರಶ್ನೆ ಅದಲ್ಲ

ಕುಡಿದು ಗಾಡಿ ಓಡಿಸಿ ಎರಡು ಮೂರು ಸಲ ಸಿಕ್ಕಿಬಿದ್ದು, ಕೋರ್ಟಿನಲ್ಲಿ ಶಿಕ್ಷೆಯಾಗಿ, ಲೈಸೆನ್ಸ್ ಕಳೆದುಕೊಂಡವರು ಒಂದು ತಾರೀಖನ್ನು ಎದುರು ನೋಡುತ್ತಿರುತ್ತಾರೆ. ನಿಷೇಧ ಮುಗಿಯುವ ತಾರೀಖು. ದಂಡ ಕಟ್ಟಿಯಾಗಿದೆ. ಜೈಲೋ ಸಮುದಾಯ ಸೇವೆಯೋ ಮುಗಿದಿದೆ. ಎಲ್ಲಿಗೆ ಹೋಗಬೇಕಾದರೂ ಯಾರನ್ನೋ ಕೇಳಿಕೊಂಡು, ಕಾದು, ಓಡಾಡಿದ್ದಾಗಿದೆ. ಇನ್ನೇನು, ಆ ತಾರೀಖು ಬಂದರೆ ಸಾಕು ಅಂದುಕೊಂಡಿರುತ್ತಾರೆ. ತಾರೀಖು ಬರುತ್ತದೆ, ಲೈಸೆನ್ಸ್ ಬರುವುದಿಲ್ಲ. ಎಷ್ಟೋ ಕಡೆ ಆ ತಾರೀಖಿಗೆ ಇರುವ ಅರ್ಥ ಇಷ್ಟೇ: ಇವತ್ತಿನಿಂದ ನೀವು ಅರ್ಜಿ ಹಾಕಬಹುದು. ಕೊಡುತ್ತೇವೆ ಅಂತ ಯಾರೂ ಹೇಳಿರುವುದಿಲ್ಲ.

ಇದು ಅನ್ಯಾಯ ಅಂತ ಸಿಟ್ಟಾಗುವವರೇ ಜಾಸ್ತಿ. ಕೋರ್ಟು ಕೊಟ್ಟ ಶಿಕ್ಷೆಯನ್ನು ಅನುಭವಿಸಿ ಮುಗಿಸಿದ ಮೇಲೂ ಕೇಳೋಕೆ ಇನ್ನೇನಿದೆ ಅನ್ನುತ್ತಾರೆ. ಹತ್ತಿರದವನೊಬ್ಬ ಈ ದಾರಿಯಲ್ಲಿ ನಡೆದಿದ್ದನ್ನು ಪಕ್ಕದಲ್ಲೇ ಇದ್ದು ನೋಡಿದ್ದೇನೆ. ನನಗೆ ಅನ್ನಿಸಿದ್ದು ಬೇರೆ. ಶಿಕ್ಷೆ ಆಗಿದ್ದು ನಡೆದುಹೋದದ್ದಕ್ಕೆ. ಲೈಸೆನ್ಸ್ ಕೊಡುವುದು ಇನ್ನು ಮುಂದಿನದಕ್ಕೆ. ಮೊದಲನೆಯದು ಮುಗಿಯಿತು ಅಂದ ಮಾತ್ರಕ್ಕೆ ಎರಡನೆಯದಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ.

ಮೊದಲ ಸಲ ಸಿಕ್ಕಿಬಿದ್ದವರ ಬಗ್ಗೆ ಏನನ್ನೂ ಗಟ್ಟಿಯಾಗಿ ಹೇಳುವುದು ಕಷ್ಟ. ಯಾವತ್ತೋ ಒಂದು ದಿನ ಲೆಕ್ಕ ತಪ್ಪಿರಬಹುದು. ಎರಡನೇ ಸಲ ಹಾಗಲ್ಲ. ಅಷ್ಟು ಹೊತ್ತಿಗೆ ಆ ಮನುಷ್ಯ ಪೊಲೀಸರ ಎದುರು ಯಂತ್ರಕ್ಕೆ ಊದಿದ್ದಾನೆ. ಕೋರ್ಟಿನ ಮೆಟ್ಟಿಲು ಹತ್ತಿದ್ದಾನೆ. ವಕೀಲರಿಗೆ ದುಡ್ಡು ಸುರಿದಿದ್ದಾನೆ. ಮನೆಯವರ ಮುಖ ನೋಡಲಾಗದೆ ತಲೆ ತಗ್ಗಿಸಿ ಕೂತಿದ್ದಾನೆ. ಇನ್ನು ಯಾವತ್ತೂ ಹೀಗೆ ಮಾಡಲ್ಲ ಅಂತ ಆಣೆ ಇಟ್ಟಿದ್ದಾನೆ, ಅದೂ ಮನಸ್ಸಾರೆ. ಇಷ್ಟೆಲ್ಲ ಆದ ಮೇಲೂ ಇನ್ನೊಂದು ರಾತ್ರಿ ಕುಡಿದು ಕೀ ತಿರುಗಿಸಿದ್ದಾನೆ. ಭಯ, ನಾಚಿಕೆ, ದುಡ್ಡಿನ ನಷ್ಟ, ಮೂರೂ ಸೇರಿ ಅವನನ್ನು ತಡೆಯೋಕೆ ಆಗಿಲ್ಲ. ಅಂದ ಮೇಲೆ ಇನ್ನೊಂದಿಷ್ಟು ಭಯ, ಇನ್ನೊಂದಿಷ್ಟು ದಂಡ ತಡೆದೀತು ಅಂತ ನಂಬುವುದು ಹೇಗೆ? ಇನ್ನೊಂದು ಮಾತೂ ಇದೆ. ಸಿಕ್ಕಿಬಿದ್ದಿದ್ದು ಎರಡು ಸಲ ಅಂದರೆ ಓಡಿಸಿದ್ದು ಎರಡೇ ಸಲ ಅಂತಲ್ಲ. ಕಡತ ನೋಡುವ ಅಧಿಕಾರಿಗೆ ಇದು ಗೊತ್ತು. ಮನೆಯವರಿಗಂತೂ ಚೆನ್ನಾಗಿಯೇ ಗೊತ್ತು.

ಲೈಸೆನ್ಸ್ ಕೇಳಲು ಬಂದವರು ಮೊದಲು ಆಡುವ ಮಾತು ಹೆಚ್ಚುಕಡಿಮೆ ಒಂದೇ. "ಕುಡಿದಾಗ ಇನ್ನು ಯಾವತ್ತೂ ಗಾಡಿ ಮುಟ್ಟಲ್ಲ." ಕೇಳೋಕೆ ಸರಿಯಾಗಿಯೇ ಇದೆ. ಆದರೆ ಈ ಮಾತು ಕೊಡುವವನು ಎಚ್ಚರದಲ್ಲಿರುವ ಮನುಷ್ಯ, ಉಳಿಸಿಕೊಳ್ಳಬೇಕಾದವನು ಕುಡಿದ ಮನುಷ್ಯ. ಮದ್ಯ ಮೊದಲು ಕೈ ಹಾಕುವುದು ಕಾಲಿನ ಹಿಡಿತಕ್ಕಲ್ಲ, ತೀರ್ಮಾನ ಮಾಡುವ ಶಕ್ತಿಗೆ. ಮಾತು ತೊದಲುವ ಮೊದಲೇ, ನಡಿಗೆ ತಪ್ಪುವ ಮೊದಲೇ, "ನಾನು ಸರಿ ಇದ್ದೀನಿ" ಅನ್ನುವ ಧೈರ್ಯ ಬಂದುಬಿಟ್ಟಿರುತ್ತದೆ. ಎರಡು ಗ್ಲಾಸು ಆದ ಮೇಲೆ ಗಾಡಿ ಬೇಕಾ ಬೇಡವಾ ಅಂತ ಯೋಚಿಸುವ ತಲೆಯೇ ಆಗಲೇ ಮಸುಕಾಗಿರುತ್ತದೆ. ಆ ತಲೆಯನ್ನು ನಂಬಿ ಮಾತು ಕೊಟ್ಟರೆ ಅದು ನಿಲ್ಲುವುದಿಲ್ಲ. ಒಂದು ಸಲ ಮಾತ್ರ ತಪ್ಪಿದವರಿಗೆ ಈ ಎಚ್ಚರಿಕೆ ಸಾಕಾಗಬಹುದು. ಮತ್ತೆ ಮತ್ತೆ ತಪ್ಪಿದವರಿಗೆ ಸಾಕಾಗಿಲ್ಲ ಅನ್ನೋದಕ್ಕೆ ಅವರ ದಾಖಲೆಯೇ ಸಾಕ್ಷಿ.

ಮಾರನೇ ದಿನದ ಬೆಳಗಿನ ವಿಷಯವನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಕ್ತದಲ್ಲಿ ಮದ್ಯ ಏರುವುದು, ಇಳಿಯುವುದು ಒಂದು ಲೆಕ್ಕದ ಪ್ರಕಾರ ನಡೆಯುತ್ತದೆ. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಕಳೆದ ಶತಮಾನದ ಮೊದಲ ಅರ್ಧದಲ್ಲೇ ಈ ಲೆಕ್ಕಕ್ಕೆ ಸೂತ್ರ ಕೊಟ್ಟ. 100 ಮಿಲಿಲೀಟರ್ ರಕ್ತದಲ್ಲಿರುವ ಮದ್ಯ ಗಂಟೆಗೆ ಹೆಚ್ಚುಕಡಿಮೆ 15 ಮಿಲಿಗ್ರಾಂನಷ್ಟು ಇಳಿಯುತ್ತದೆ. ಕೆಲವರಲ್ಲಿ ಸ್ವಲ್ಪ ಬೇಗ, ಕೆಲವರಲ್ಲಿ ಸ್ವಲ್ಪ ನಿಧಾನ. ಕಾಫಿ ಕುಡಿದರೂ, ತಣ್ಣೀರು ಹುಯ್ದುಕೊಂಡರೂ, ವಾಂತಿ ಮಾಡಿಕೊಂಡರೂ ಆಗಲೇ ರಕ್ತಕ್ಕೆ ಸೇರಿದ್ದು ಬೇಗ ಇಳಿಯುವುದಿಲ್ಲ. ರಾತ್ರಿ 12ಕ್ಕೆ 150 ಮಿಲಿಗ್ರಾಂ ಇತ್ತು ಅಂತಿಟ್ಟುಕೊಳ್ಳಿ. ಭಾರತದ ಕಾನೂನಿನ ಮಿತಿ 30 ಮಿಲಿಗ್ರಾಂ. ಅಲ್ಲಿಗೆ ಇಳಿಯೋಕೆ ಬೆಳಿಗ್ಗೆ 8 ಗಂಟೆಯಾಗುತ್ತದೆ. ಪೂರ್ತಿ ಹೋಗೋಕೆ 10. ಅಂದರೆ ರಾತ್ರಿ ಗಾಡಿ ಮುಟ್ಟದೆ, ಮನೆಗೆ ಬಂದು, ನಿದ್ದೆ ಮಾಡಿ, ಸ್ನಾನ ಮಾಡಿ, 7 ಗಂಟೆಗೆ ಕೆಲಸಕ್ಕೆ ಹೊರಟವನೂ ಕಾನೂನಿನ ಕಣ್ಣಲ್ಲಿ ಕುಡಿದು ಓಡಿಸುವವನೇ. ಕುಡಿತ ಬೇರೆ, ಗಾಡಿ ಬೇರೆ ಅಂತ ಗೆರೆ ಎಳೆದು ಬದುಕುತ್ತೇನೆ ಅನ್ನುವುದು ದಿನಾ ಕುಡಿಯುವವನಿಗೆ ಅಷ್ಟು ಸುಲಭ ಅಲ್ಲ.

ಆದ್ದರಿಂದಲೇ ತಿಳಿದು ಮಾಡಿದ ಕಾನೂನುಗಳು ಇಂಥವರಿಗೆ "ಚೆನ್ನಾಗಿ ಓಡಿಸುತ್ತೀರಾ" ಅಂತ ಕೇಳಿ ಸುಮ್ಮನಾಗುವುದಿಲ್ಲ. "ನಿಮ್ಮ ಕುಡಿತದ ಕಥೆ ಏನು" ಅಂತ ಕೇಳುತ್ತವೆ.

ಜರ್ಮನಿಯಲ್ಲಿ ಎಂಪಿಯು ಅನ್ನುವ ಪರೀಕ್ಷೆ ಇದೆ. ವೈದ್ಯರೂ ಮನಶ್ಶಾಸ್ತ್ರಜ್ಞರೂ ಸೇರಿ ಮಾಡುವ ಪರೀಕ್ಷೆ. ರಕ್ತದಲ್ಲಿ ಸಾವಿರಕ್ಕೆ 1.6 ಭಾಗ ಅಥವಾ ಅದಕ್ಕಿಂತ ಹೆಚ್ಚು ಮದ್ಯ ಇದ್ದು ಸಿಕ್ಕಿಬಿದ್ದರೆ ಒಂದೇ ಸಲಕ್ಕೂ ಇದು ತಪ್ಪಿದ್ದಲ್ಲ. ಮತ್ತೆ ಮತ್ತೆ ಸಿಕ್ಕಿಬಿದ್ದವರಿಗೆ ಪ್ರಮಾಣ ಎಷ್ಟೇ ಇದ್ದರೂ ಬೇಕು. ವೈದ್ಯಕೀಯ ತಪಾಸಣೆ, ಕಂಪ್ಯೂಟರ್ ಮುಂದೆ ಗಮನ ಮತ್ತು ಚುರುಕುತನದ ಪರೀಕ್ಷೆ, ಆಮೇಲೆ ಮನಶ್ಶಾಸ್ತ್ರಜ್ಞರ ಜೊತೆ ಮಾತುಕತೆ. ಜನ ಹೆದರುವುದು ಈ ಕೊನೆಯದಕ್ಕೆ. ಯಾಕೆ ಕುಡಿಯುತ್ತಿದ್ದಿರಿ, ಎಷ್ಟು ಕುಡಿಯುತ್ತಿದ್ದಿರಿ, ಏನು ಬದಲಾಗಿದೆ, ಬದಲಾಗಿದ್ದು ಉಳಿಯುತ್ತದೆ ಅಂತ ಯಾವ ನಂಬಿಕೆಯ ಮೇಲೆ ಹೇಳುತ್ತೀರಿ. ಎಲ್ಲರಿಗೂ ಒಂದೇ ಅಳತೆ ಹಾಕುವುದಿಲ್ಲ ಅನ್ನೋದು ಇದರಲ್ಲಿ ನನಗೆ ಇಷ್ಟವಾದ ವಿಷಯ. ಕುಡಿತಕ್ಕೆ ದಾಸನಾದವನು, ಹಿಡಿತ ತಪ್ಪಿದವನು ಪೂರ್ತಿ ಬಿಟ್ಟಿರಬೇಕು. ಅಷ್ಟು ದೂರ ಹೋಗದವನು ಮಿತಿಯಲ್ಲಿರಲು ಕಲಿತಿದ್ದೇನೆ ಅಂತ ತೋರಿಸಬಹುದು. ವರದಿ ಮೊದಲು ಬರುವುದು ಪರೀಕ್ಷೆಗೆ ಹೋದವನ ಕೈಗೇ. ಅದನ್ನು ಕಚೇರಿಗೆ ಕೊಡುವುದು ಬಿಡುವುದು ಅವನಿಗೆ ಬಿಟ್ಟಿದ್ದು.

ಬ್ರಿಟನ್ನಿನಲ್ಲಿ ಹತ್ತು ವರ್ಷದೊಳಗೆ ಎರಡು ಸಲ ಶಿಕ್ಷೆಯಾದವರನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸುತ್ತಾರೆ. ನಿಷೇಧ ಮುಗಿದ ಮೇಲೆ ಅವರು ವೈದ್ಯರ ಹತ್ತಿರ ಹೋಗಿ, ರಕ್ತ ಕೊಟ್ಟು, ವಿಪರೀತ ಕುಡಿಯುತ್ತಿಲ್ಲ ಅಂತ ತೋರಿಸಿದರೆ ಮಾತ್ರ ಲೈಸೆನ್ಸ್. ಅಮೆರಿಕದ ಮಿಷಿಗನ್ ರಾಜ್ಯ ಇನ್ನೂ ಬಿಗಿ. ಅಲ್ಲಿ ಏಳು ವರ್ಷದಲ್ಲಿ ಎರಡು ಶಿಕ್ಷೆಯಾದರೆ ಲೈಸೆನ್ಸ್ ಕಡಿಮೆ ಅಂದರೂ ಒಂದು ವರ್ಷ ರದ್ದು. ಹತ್ತು ವರ್ಷದಲ್ಲಿ ಮೂರಾದರೆ ಅದು ಐದು ವರ್ಷವೂ ಆಗಬಹುದು. ಆಮೇಲೂ ತಾನಾಗಿ ಬರುವುದಿಲ್ಲ. ಅರ್ಜಿ ಹಾಕಿ, ವಿಚಾರಣೆಗೆ ಕೂತು, ತನ್ನ ಕುಡಿತ ಹತೋಟಿಗೆ ಬಂದಿದೆ, ಮುಂದೆಯೂ ಹತೋಟಿಯಲ್ಲೇ ಇರುತ್ತದೆ ಅಂತ ಬಲವಾದ ಸಾಕ್ಷ್ಯ ಕೊಟ್ಟು ತೋರಿಸಬೇಕು. ತೋರಿಸುವ ಹೊಣೆ ಅರ್ಜಿ ಹಾಕಿದವನದು. ಅನುಮಾನ ಉಳಿದರೆ ಅರ್ಜಿ ವಜಾ. ಮತ್ತೆ ಕೇಳೋಕೆ ಇನ್ನೊಂದು ವರ್ಷ.

ಭಾರತದ ಮೋಟಾರು ವಾಹನ ಕಾಯ್ದೆಯಲ್ಲಿ 185ನೇ ಕಲಂ ಕುಡಿದು ಓಡಿಸುವುದಕ್ಕೆ. ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಮತ್ತೆ ಅದೇ ತಪ್ಪಾದರೆ ಎರಡು ವರ್ಷದವರೆಗೆ. ಶಿಕ್ಷೆ ಕೊಟ್ಟ ಕೋರ್ಟು ಕಡಿಮೆ ಅಂದರೂ ಆರು ತಿಂಗಳು ಲೈಸೆನ್ಸಿಗೆ ಅನರ್ಹ ಅಂತ ಆದೇಶ ಮಾಡಬೇಕು ಅಂತ 20ನೇ ಕಲಂ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಲೈಸೆನ್ಸ್ ಪ್ರಾಧಿಕಾರ ಅಮಾನತು ಮಾಡಿದ ಲೈಸೆನ್ಸ್ ವಾಪಸ್ ಬರಬೇಕಾದರೆ ಚಾಲಕರಿಗೆ ಮರುತರಬೇತಿ ಆಗಬೇಕು ಅನ್ನುವುದೂ ಸೇರಿತು. ತರಬೇತಿ ಒಳ್ಳೆಯದೇ. ಅತಿ ವೇಗದವರಿಗೆ, ಸಿಗ್ನಲ್ ಹಾರುವವರಿಗೆ ಖಂಡಿತ ಬೇಕು. ಆದರೆ ಕುಡಿದು ಮೂರು ಸಲ ಸಿಕ್ಕಿಬಿದ್ದವನಿಗೆ ಸ್ಟಿಯರಿಂಗ್ ಹಿಡಿಯೋಕೆ ಬರುತ್ತೆ, ಬ್ರೇಕ್ ಎಲ್ಲಿದೆ ಅಂತ ಗೊತ್ತು. ಅವನ ಎದುರು ಕೂತು, ನಿಮ್ಮ ಕುಡಿತ ಎಲ್ಲಿಗೆ ಬಂತು ಅಂತ ಯಾರಾದರೂ ಕೇಳಲೇಬೇಕು ಅನ್ನುವ ನಿಯಮ ಇಲ್ಲೂ ಬರಬೇಕು ಅಂತ ನನ್ನ ಆಸೆ. ಶಿಕ್ಷೆ ಹೆಚ್ಚಿಸುವುದಕ್ಕಿಂತ ಅದರಿಂದ ಹೆಚ್ಚು ಜೀವ ಉಳಿಯುತ್ತದೆ ಅಂತ ನಾನು ನಂಬುತ್ತೇನೆ.

ಬಿಟ್ಟಿದ್ದೇನೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಅದಕ್ಕೆ ಈಗ ಒಳ್ಳೆಯ ಪರೀಕ್ಷೆಗಳಿವೆ. ಮದ್ಯ ದೇಹದಲ್ಲಿ ಕರಗಿದಾಗ ಇಟಿಜಿ ಅನ್ನುವ ಒಂದು ಅಂಶ ಉಳಿಯುತ್ತದೆ. ಮೂತ್ರದಲ್ಲಿ ಮೂರು ದಿನದವರೆಗೆ ಸಿಗಬಹುದು. ಕೂದಲಲ್ಲಿ ತಿಂಗಳುಗಟ್ಟಲೆ ಇರುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಹಾಗಾಗಿ ಬುಡದಿಂದ ಮೂರು ಸೆಂಟಿಮೀಟರ್ ಕತ್ತರಿಸಿ ನೋಡಿದರೆ ಹಿಂದಿನ ಮೂರು ತಿಂಗಳ ಕಥೆ ತಿಳಿಯುತ್ತದೆ. ಬಣ್ಣ ಹಚ್ಚಿದ ಕೂದಲನ್ನು ಜರ್ಮನಿಯವರು ಇದಕ್ಕೆ ಒಪ್ಪುವುದಿಲ್ಲ. ರಕ್ತದಲ್ಲಿ ಪಿಇಟಿಎಚ್ ಅನ್ನುವುದನ್ನು ನೋಡಿದರೆ ಎರಡು ಮೂರು ವಾರ ಹಿಂದಿನ ಕುಡಿತವೂ ಗೊತ್ತಾಗುತ್ತದೆ. ಇವೆಲ್ಲ ಕುಡಿದಿದ್ದೀರಾ ಇಲ್ಲವಾ ಅಂತ ಹೇಳುತ್ತವೆ. ನಾಳೆ ಕುಡಿಯುತ್ತೀರಾ ಅಂತ ಯಾವ ಲ್ಯಾಬೂ ಹೇಳುವುದಿಲ್ಲ. ಅದನ್ನು ಊಹಿಸೋಕೆ ಮನುಷ್ಯರನ್ನೇ ಕೇಳಬೇಕು. ಅವನನ್ನು, ಅವನ ಸುತ್ತ ಇರುವವರನ್ನು.

ಮಿಷಿಗನ್‌ನಂಥ ಕಡೆ ಅರ್ಜಿಯ ಜೊತೆ ಮನೆಯವರು, ಗೆಳೆಯರು, ಜೊತೆ ಕೆಲಸ ಮಾಡುವವರು ಬರೆದ ಪತ್ರಗಳನ್ನು ಕೇಳುವುದು ಅದಕ್ಕೇ. ಅಂಥ ಒಂದು ಪತ್ರ ನಾನೂ ಬರೆದುಕೊಟ್ಟಿದ್ದೇನೆ. ಅವನು ಯಾರು, ಎಲ್ಲಿಯವನು ಅನ್ನುವುದು ಇಲ್ಲಿ ಬೇಡ. ಹಳೆಯ ಗೆಳೆಯ, ಅಷ್ಟು ಸಾಕು.

ಅವನು ಕೇಳಿದಾಗ ನಾನು ತಕ್ಷಣ ಒಪ್ಪಿಕೊಂಡೆ. "ನೀನು ಎಂಥ ಒಳ್ಳೆಯವನು, ಎಷ್ಟು ಕಷ್ಟಪಟ್ಟು ದುಡಿಯುತ್ತೀಯ ಅಂತ ಬರೆದುಕೊಡುತ್ತೀನಿ ಬಿಡು" ಅಂದೆ.

"ಅದೆಲ್ಲ ಅವರಿಗೆ ಬೇಡ ಕಣೋ" ಅಂದ. "ನಾನು ಒಳ್ಳೆಯವನಾ ಕೆಟ್ಟವನಾ ಅಂತ ಅವರು ಕೇಳುತ್ತಿಲ್ಲ. ಕೊನೆಯ ಸಲ ನನ್ನ ಕೈಯಲ್ಲಿ ಗ್ಲಾಸ್ ನೋಡಿದ್ದು ಯಾವಾಗ? ನನ್ನನ್ನು ಎಷ್ಟು ದಿನಕ್ಕೊಮ್ಮೆ ನೋಡುತ್ತೀಯ? ನಾನು ಕುಡಿಯುತ್ತಿಲ್ಲ ಅಂತ ನಿನಗೆ ಹೇಗೆ ಗೊತ್ತು? ಅದನ್ನು ಬರಿ. ಗೊತ್ತಿಲ್ಲದ್ದು ಒಂದಕ್ಷರ ಬರೀಬೇಡ."

ಬರೆಯೋಕೆ ಕೂತಾಗ ಕಷ್ಟ ಗೊತ್ತಾಯಿತು. ಗೆಳೆಯನ ಬಗ್ಗೆ ನನಗೆ ಗೊತ್ತಿದೆ ಅಂದುಕೊಂಡಿದ್ದರಲ್ಲಿ ಅರ್ಧ ಅವನೇ ಹೇಳಿದ್ದು, ಇನ್ನು ಸ್ವಲ್ಪ ಅವನ ಹೆಂಡತಿ ಹೇಳಿದ್ದು. ಕಣ್ಣಾರೆ ಕಂಡಿದ್ದು ಎಷ್ಟು ಅಂತ ಬೇರ್ಪಡಿಸಬೇಕಾಯಿತು. ಹೊಳೆದಿದ್ದು ಸಣ್ಣ ಸಣ್ಣ ಸಂಗತಿಗಳು. ಸಂಜೆಯಾದರೆ ಫೋನ್ ಎತ್ತದವನು ಈಗ ಒಂಬತ್ತು ಗಂಟೆಗೂ ಎತ್ತುತ್ತಾನೆ. ಮಾತು ತೊದಲುವುದಿಲ್ಲ. ನಿನ್ನೆ ಹೇಳಿದ್ದನ್ನು ಇವತ್ತು ನೆನಪಿಟ್ಟುಕೊಂಡಿರುತ್ತಾನೆ. ಎಲ್ಲರೂ ಸೇರಿದಾಗ ಬಾಟಲಿ ಹೊರಗೆ ಬಂತು ಅಂದರೆ ಎದ್ದು ಹೊರಡುತ್ತಾನೆ, ಸುಳ್ಳು ನೆಪ ಹೇಳದೆ, "ನನಗೆ ಇದು ಆಗಲ್ಲ, ಹೊರಟೆ" ಅಂತಲೇ ಹೇಳಿ. ಮೊದಮೊದಲು ಬೇಜಾರು ಮಾಡಿಕೊಂಡ ಇಬ್ಬರು ಗೆಳೆಯರು ಅವನ ಬಳಗದಿಂದಲೇ ದೂರವಾದರು. ಅದನ್ನೂ ಬರೆದೆ. ಹಿಂದೆ ಅವನು ಕುಡಿದಿದ್ದಾಗ ನಾನು ಅವನ ಪಕ್ಕ ಕೂತು ಬಂದಿದ್ದ ಒಂದು ರಾತ್ರಿಯನ್ನೂ ಬರೆದೆ. ಒಳ್ಳೆಯದನ್ನು ಮಾತ್ರ ಬರೆದ ಪತ್ರವನ್ನು ಓದುವವರು ಯಾಕೆ ನಂಬಬೇಕು?

ಅವನ ಹೆಂಡತಿಯ ಪತ್ರ ಒಂದು ಪುಟವೂ ಇರಲಿಲ್ಲ. ಅದರಲ್ಲಿ ಒಂದು ಸಾಲಿತ್ತು. ಮೊದಲು ರಾತ್ರಿ ಗೇಟಿನ ಸದ್ದಾದರೆ, ಗಾಡಿ ಎಲ್ಲಾದರೂ ಗುದ್ದಿದೆಯಾ ಅಂತ ಟಾರ್ಚ್ ಹಿಡಿದು ಹೋಗಿ ಮುಂದಿನ ಬಂಪರ್ ನೋಡಿಬರುತ್ತಿದ್ದೆ, ಈಗ ಆ ಟಾರ್ಚ್ ಎಲ್ಲಿದೆ ಅಂತಲೂ ನೆನಪಿಲ್ಲ ಅಂತ. ಪಾಪ, ಅಷ್ಟು ವರ್ಷ ಅವರು ನೋಡಿ ಬರುತ್ತಿದ್ದದ್ದು ಗಾಡಿಗೆ ಏನಾಗಿದೆ ಅಂತಲ್ಲ, ಗಾಡಿಯಿಂದ ಯಾರಿಗಾದರೂ ಏನಾದರೂ ಆಗಿದೆಯಾ ಅಂತ. ಕುಡಿದು ಓಡಿಸುವವರ ಮನೆಗಳಲ್ಲಿ ಈ ಭಯ ಬಾಯಿಬಿಟ್ಟು ಆಡದ ಮಾತಾಗಿಯೇ ಇರುತ್ತದೆ.

ಎಲ್ಲ ಪತ್ರ ಸೇರಿಸಿ ನೋಡಿದಾಗ ಒಂದು ತೊಡಕು ಎದ್ದಿತು. ಕುಡಿತ ಬಿಟ್ಟೆ ಅಂತ ಅವನು ಹೇಳುತ್ತಿದ್ದ ತಾರೀಖಿಗೂ ಅವನ ತಮ್ಮ ಬರೆದಿದ್ದಕ್ಕೂ ತಾಳೆ ಆಗಲಿಲ್ಲ. ತಮ್ಮನ ಪ್ರಕಾರ ಅಣ್ಣ ಕುಡಿದಿದ್ದು ಅದಾದ ಎರಡು ತಿಂಗಳ ಮೇಲೆ, ಮನೆಯ ಒಂದು ಸಮಾರಂಭದಲ್ಲಿ. ಇಂಥ ವ್ಯತ್ಯಾಸ ಇದ್ದರೆ ಅರ್ಜಿ ಬಿದ್ದುಹೋಗುತ್ತದೆ. ಬಿಟ್ಟ ತಾರೀಖೇ ಗಟ್ಟಿ ಇಲ್ಲ ಅಂದರೆ ಉಳಿದಿದ್ದನ್ನು ನಂಬುವುದು ಹೇಗೆ ಅಂತ ಅಧಿಕಾರಿಗೆ ಅನ್ನಿಸುವುದು ಸಹಜ. ಸುಲಭದ ದಾರಿ ಎದುರಿಗೇ ಇತ್ತು. ತಮ್ಮನಿಗೆ ಒಂದು ಮಾತು ಹೇಳಿದರೆ ಪತ್ರ ತಿದ್ದಿಕೊಡುತ್ತಿದ್ದ. "ತಿಂಗಳು ತಪ್ಪಾಗಿದೆ, ಸರಿ ಮಾಡು" ಅಂದರೆ ಮುಗಿಯಿತು.

ಗೆಳೆಯ ಎರಡು ದಿನ ಏನೂ ಮಾತಾಡಲಿಲ್ಲ. ಆಮೇಲೆ ಬಂದು ಹೇಳಿದ. "ಅವನು ಬರೆದಿರೋದೇ ಸರಿ. ಬಿಡಬೇಕು ಅಂತ ನಿರ್ಧಾರ ಮಾಡಿದ ದಿನದಿಂದ ನಾನು ಎಣಿಸಿಕೊಂಡು ಬಂದಿದ್ದೀನಿ. ಆಮೇಲೆ ಆ ಸಮಾರಂಭದಲ್ಲಿ ಕುಡಿದಿದ್ದು ನಿಜ. ಒಂದು ದಿನ ಅಲ್ವಾ ಅಂತ ಲೆಕ್ಕದಿಂದ ತೆಗೆದುಬಿಟ್ಟಿದ್ದೆ."

ಅವನು ತಮ್ಮನ ಪತ್ರ ಮುಟ್ಟಲಿಲ್ಲ, ತನ್ನ ತಾರೀಖನ್ನು ಬದಲಾಯಿಸಿದ. ಅದರಿಂದ ಅರ್ಜಿಗೆ ಬೇಕಾದ, ಕುಡಿಯದೆ ಕಳೆದ ಒಂದು ವರ್ಷ ತುಂಬಿರಲಿಲ್ಲ. ಮತ್ತೆ ಕಾದ. ಲೈಸೆನ್ಸ್ ಇಲ್ಲದೆ ಇನ್ನೂ ಎರಡು ತಿಂಗಳು ಅಂದರೆ ಏನು ಅಂತ ಕೆಲಸಕ್ಕೆ ಎರಡು ಬಸ್ಸು ಬದಲಾಯಿಸುತ್ತಿದ್ದವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ನಿಜವಾಗಿ ಕುಡಿತ ಬಿಟ್ಟಿದ್ದಾನೆ ಅಂತ ನನಗೆ ಖಾತ್ರಿಯಾಗಿದ್ದು ಆವತ್ತು. ಲ್ಯಾಬಿನ ವರದಿ ನೋಡಿದಾಗ ಅಲ್ಲ. ಕುಡಿಯುವವನು ಮೊದಲು ಕಲಿಯುವುದು ಲೆಕ್ಕ ತಪ್ಪಿಸುವುದನ್ನು. ಎರಡು ಗ್ಲಾಸು ಅನ್ನುತ್ತಾನೆ, ಅದು ಐದಾಗಿರುತ್ತದೆ. ವಾರಕ್ಕೊಮ್ಮೆ ಅನ್ನುತ್ತಾನೆ, ದಿನಾ ಆಗಿರುತ್ತದೆ. ಆ ಅಭ್ಯಾಸ ಹೋಗದೆ ಕುಡಿತ ಮಾತ್ರ ಹೋದರೆ ಅದು ವಾಪಸ್ ಬರೋಕೆ ಬಾಗಿಲು ತೆರೆದೇ ಇರುತ್ತದೆ.

ಒಂದು ವರ್ಷ ಯಾಕೆ, ಆರು ತಿಂಗಳು ಸಾಲದಾ ಅಂತ ಕೇಳುವವರಿದ್ದಾರೆ. ಇದು ಕಚೇರಿಯವರು ಮನಸ್ಸಿಗೆ ಬಂದಂತೆ ಇಟ್ಟ ಅವಧಿ ಅಲ್ಲ ಅಂತ ನನಗನ್ನಿಸುತ್ತದೆ. ಮನೋವೈದ್ಯರು ಬಳಸುವ ಡಿಎಸ್‌ಎಮ್ ಕೈಪಿಡಿಯ ಐದನೇ ಆವೃತ್ತಿಯಲ್ಲಿ ಮೂರು ತಿಂಗಳಿಂದ ಒಂದು ವರ್ಷದೊಳಗಿನ ಚೇತರಿಕೆಯನ್ನು ಆರಂಭದ್ದು ಅಂತಲೇ ಪರಿಗಣಿಸುತ್ತಾರೆ. ವರ್ಷ ದಾಟಿದರೆ ಮಾತ್ರ ನೆಲೆ ನಿಂತದ್ದು. ಒಂದು ವರ್ಷದಲ್ಲಿ ಹಬ್ಬ ಬರುತ್ತದೆ, ಸಾವು ಬರುತ್ತದೆ, ಕೆಲಸದಲ್ಲಿ ಜಗಳ ಆಗುತ್ತದೆ, ರಜೆ ಬರುತ್ತದೆ. ಕುಡಿಯೋಕೆ ನೆಪ ಆಗುತ್ತಿದ್ದ ಎಲ್ಲವೂ ಒಂದೊಂದು ಸಲವಾದರೂ ಎದುರಾಗುತ್ತದೆ. ಅವೆಲ್ಲವನ್ನೂ ಕುಡಿಯದೆ ದಾಟಿದ್ದಾನೆ ಅಂದರೆ ಅದಕ್ಕೆ ಬೆಲೆ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಲೈಸೆನ್ಸ್ ಬೇಕು ಅನ್ನುವ ಹಟದಲ್ಲಿ ವರ್ಷಗಟ್ಟಲೆ ದಿನಾ ವಿಪರೀತ ಕುಡಿದವರು ನಾಳೆಯಿಂದ ಒಂದು ಹನಿಯೂ ಇಲ್ಲ ಅಂತ ಒಬ್ಬರೇ ಕೂತು ನಿಲ್ಲಿಸಬಾರದು. ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಏಕಾಏಕಿ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ದೆಗೇಡಿನಿಂದ ಶುರುವಾಗಿ ಫಿಟ್ಸ್ ಬರಬಹುದು. ಇಲ್ಲದ್ದು ಕಾಣಿಸಿ, ಮಾತು ದಿಕ್ಕು ತಪ್ಪಿ, ಜೀವಕ್ಕೇ ಅಪಾಯ ಆಗಬಹುದು. ಮೊದಲು ವೈದ್ಯರನ್ನು ನೋಡಿ. ಆ ದಿನಗಳನ್ನು ದಾಟಿಸೋಕೆ ಔಷಧಿ ಇದೆ. ಆಮೇಲೆ ಚಪಲ ಕಡಿಮೆ ಮಾಡೋಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ್ದಿವೆ. ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಮ್ ಇದೆ, ಅದನ್ನು ವೈದ್ಯರ ಕಣ್ಣಳತೆಯಲ್ಲೇ ತೆಗೆದುಕೊಳ್ಳಬೇಕು, ಕುಡಿಯುವವನಿಗೆ ತಿಳಿಯದಂತೆ ಬೆರೆಸಿ ಕೊಡುವುದು ಅಪಾಯ. ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವವರ ಬಳಗ, 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಈಗ ಲೋಕದ ಮೂಲೆಮೂಲೆಯಲ್ಲೂ ನಡೆಯುತ್ತವೆ. ಕೆಲವರಿಗೆ ಅದು ಹೊಂದುತ್ತದೆ, ಕೆಲವರಿಗೆ ಆಪ್ತಸಲಹೆ ಹೊಂದುತ್ತದೆ. ಯಾವುದಾದರೂ ಸರಿ, ಒಂಟಿಯಾಗಿ ಬೇಡ.

ಇಷ್ಟೆಲ್ಲ ಕೇಳುವುದು ಅತಿಯಾಯಿತು ಅನ್ನುವವರ ಮಾತಿನಲ್ಲೂ ಸತ್ಯ ಇದೆ. ಲೈಸೆನ್ಸ್ ಇಲ್ಲದಿದ್ದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ದುಡ್ಡಿಲ್ಲ, ಮನೆಯಲ್ಲಿ ಜಗಳ, ಮತ್ತೆ ಕುಡಿತ. ಎಷ್ಟೋ ಮಂದಿ ಲೈಸೆನ್ಸ್ ಇಲ್ಲದೆಯೇ ಓಡಿಸಿಕೊಂಡಿರುತ್ತಾರೆ. ಆಗ ಅವರನ್ನು ಯಾರೂ ಗಮನಿಸುತ್ತಿರುವುದಿಲ್ಲ, ವಿಮೆಯೂ ಇರುವುದಿಲ್ಲ. ಗುದ್ದಿಸಿಕೊಂಡವನ ಗತಿ ಇನ್ನೂ ಕಷ್ಟ. ಇದಕ್ಕೆ ಉತ್ತರ ಪ್ರಶ್ನೆ ಕೇಳುವುದನ್ನೇ ಬಿಡುವುದಲ್ಲ. ಎದುರಿನಿಂದ ಬರುತ್ತಿರುವವನಿಗೆ, ರಸ್ತೆ ದಾಟುತ್ತಿರುವ ಮಗುವಿಗೆ, ಇವನ ಗಾಡಿಯಿಂದ ಏನಾದರೂ ಆದೀತು ಅಂತ ಗೊತ್ತಿರುವುದಿಲ್ಲ. ಅವರ ಪರವಾಗಿ ಯಾರಾದರೂ ಕೇಳಲೇಬೇಕು. ಆದರೆ ಐದು ವರ್ಷ ಪೂರ್ತಿ ಬಾಗಿಲು ಮುಚ್ಚಿಡುವ ಬದಲು, ಕುಡಿತ ಬಿಟ್ಟಿದ್ದಕ್ಕೆ ಸಾಕ್ಷಿ ಸಿಕ್ಕ ಮೇಲೆ ಷರತ್ತಿನ ಲೈಸೆನ್ಸ್ ಕೊಟ್ಟು ಕಣ್ಣಿಡುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. ಇಂಟರ್‌ಲಾಕ್ ಅನ್ನುವ ಸಾಧನ ಇರುವುದೇ ಅದಕ್ಕೆ.

ಗೆಳೆಯನ ಗಾಡಿಯಲ್ಲಿ ಈಗ ಅದಿದೆ. ಅಂಗೈಯಷ್ಟು ದೊಡ್ಡ ಪೆಟ್ಟಿಗೆ, ಅದಕ್ಕೊಂದು ಊದುವ ಕೊಳವೆ. ಊದದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಉಸಿರಲ್ಲಿ ಮದ್ಯ ಮಿತಿ ಮೀರಿದ್ದರೂ ಆಗುವುದಿಲ್ಲ. ಓಡಿಸುತ್ತಿರುವಾಗಲೂ ಆಗಾಗ ಬೀಪ್ ಅನ್ನುತ್ತದೆ, ಮತ್ತೆ ಊದಬೇಕು. ಆಗ ತಪ್ಪಿದರೆ ಎಂಜಿನ್ ನಡುರಸ್ತೆಯಲ್ಲಿ ನಿಲ್ಲುವುದಿಲ್ಲ, ಅದು ಇನ್ನೊಂದು ಅಪಾಯ ಆದೀತಲ್ವಾ. ಆದರೆ ಎಲ್ಲವೂ ದಾಖಲಾಗುತ್ತದೆ. ಬಾಯಿ ಮುಕ್ಕಳಿಸುವ ದ್ರವದಲ್ಲಿ ಮದ್ಯ ಇದ್ದರೆ ಅದಕ್ಕೂ ಕೂಗಿಕೊಳ್ಳುತ್ತದೆ. ನೀರು ಮುಕ್ಕಳಿಸಿ ಹತ್ತು ಹದಿನೈದು ನಿಮಿಷ ಬಿಟ್ಟು ಊದಿದರೆ ಸರಿಹೋಗುತ್ತದೆ, ಯಾಕೆಂದರೆ ಅದು ಬಾಯಲ್ಲಿದ್ದದ್ದು, ರಕ್ತದಲ್ಲಿದ್ದದ್ದಲ್ಲ. ಮೊದಲ ಸಲ ಅವನ ಪಕ್ಕ ಕೂತಾಗ ನನಗೆ ಮುಜುಗರವಾಯಿತು. ಅವನಿಗೆ ಆಗಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಪಕ್ಕದ ಗಾಡಿಯವರು ನೋಡುತ್ತಿದ್ದರೂ ಆರಾಮಾಗಿ ಊದಿದ.

ಈ ಸಾಧನದ ಬಗ್ಗೆ ನಡೆದ ಅಧ್ಯಯನಗಳು ಒಂದು ವಿಷಯವನ್ನು ಮತ್ತೆ ಮತ್ತೆ ತೋರಿಸಿವೆ. ಅದು ಗಾಡಿಯಲ್ಲಿರುವಷ್ಟು ದಿನ ಕುಡಿದು ಓಡಿಸುವುದು ಚೆನ್ನಾಗಿ ಕಡಿಮೆಯಾಗುತ್ತದೆ. ತೆಗೆದ ಮೇಲೆ ಆ ಲಾಭ ಬಹುತೇಕ ಉಳಿಯುವುದಿಲ್ಲ. ಪೆಟ್ಟಿಗೆ ಗಾಡಿಯನ್ನು ತಡೆಯುತ್ತದೆ, ಕುಡಿತವನ್ನು ತಡೆಯುವುದಿಲ್ಲ. ಆದ್ದರಿಂದ ಸಾಧನ ಹಾಕಿಸಿದ್ದೇವೆ, ಇನ್ನು ಚಿಕಿತ್ಸೆ ಯಾಕೆ ಅನ್ನುವುದು ತಪ್ಪು. ಎರಡೂ ಜೊತೆಯಲ್ಲಿ ಬೇಕು.

ಅರ್ಜಿ ವಜಾ ಆದವರಿಗೂ ಒಂದು ಮಾತು. ಆದೇಶದ ಪ್ರತಿಯಲ್ಲಿ ಕಾರಣ ಬರೆದಿರುತ್ತಾರೆ. ಸಿಟ್ಟಿನಲ್ಲಿ ಅದನ್ನು ಎತ್ತಿ ಎಸೆಯಬೇಡಿ. ಎರಡು ದಿನ ಬಿಟ್ಟು ನಿಧಾನವಾಗಿ ಓದಿ, ಮನೆಯವರ ಕೈಯಲ್ಲೂ ಓದಿಸಿ. ಎಲ್ಲಿ ನಿಮ್ಮ ಮಾತಿಗೆ ಆಧಾರ ಸಾಲಲಿಲ್ಲ, ಯಾವ ಪತ್ರ ಯಾವುದಕ್ಕೆ ತಾಳೆಯಾಗಲಿಲ್ಲ, ಎಲ್ಲ ಅದರಲ್ಲಿರುತ್ತದೆ. ಮುಂದಿನ ಸಲಕ್ಕೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ನಡುವಿನ ದಿನಗಳಲ್ಲಿ ಕದ್ದು ಓಡಿಸಿ ಸಿಕ್ಕಿಬಿದ್ದರೆ ಮಾತ್ರ ಎಲ್ಲ ಮೊದಲಿನಿಂದ ಶುರು.

ಗೆಳೆಯನ ಹತ್ತಿರ ಇರುವುದು ಇನ್ನೂ ಷರತ್ತಿನ ಲೈಸೆನ್ಸೇ. ಪೂರ್ತಿ ಲೈಸೆನ್ಸ್ ಬೇಕಾದರೆ ಮತ್ತೆ ಅರ್ಜಿ, ಮತ್ತೆ ವಿಚಾರಣೆ, ಆ ಪೆಟ್ಟಿಗೆಯ ದಾಖಲೆ, ಮತ್ತೆ ಪತ್ರಗಳು. ನನಗೂ ತಮ್ಮನಿಗೂ ಬರೆದುಕೊಡಿ ಅಂತ ಕೇಳಿದ್ದಾನೆ. ಈ ಸಲ ಏನಾದರೂ ತಾರೀಖು ನೆನಪಿಟ್ಟುಕೊಳ್ಳಬೇಕಾ ಅಂತ ತಮ್ಮ ಫೋನ್ ಮಾಡಿ ಕೇಳಿದನಂತೆ. "ಬೇಡ, ನಿನಗೆ ಏನು ನೆನಪಿದೆಯೋ ಅದನ್ನೇ ಬರಿ, ನನಗೆ ತೋರಿಸಬೇಡ, ನೇರವಾಗಿ ಕಳಿಸು" ಅಂದಿದ್ದಾನೆ.